ಕಾವಲಿನ ಹುಲ್ಲು, ಉಪಗ್ರಹದ ಕಣ್ಣು

ಏಪ್ರಿಲ್ ತಿಂಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಮೇಲೆ ಹಾದುಹೋಗುವ ಉಪಗ್ರಹಕ್ಕೆ ಕಾಣುವುದು ಹೆಚ್ಚಾಗಿ ಕಂದು ಮತ್ತು ಬೂದು. ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳ, ಅಂದರೆ ಕಾವಲುಗಳ, ಹುಲ್ಲು ಒಣಗಿ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಕಣ್ಣಿಗೆ ಹೊಡೆಯುವ ಹಸಿರು ಬಹುಪಾಲು ಬೋರ್‌ವೆಲ್ ತೋಟಗಳದು, ಹಳ್ಳದ ಅಂಚಿನ ಬಳ್ಳಾರಿ ಜಾಲಿಯದು. ಮಳೆ ಬಿದ್ದ ಮೇಲೆ ಅದೇ ನೆಲದ ಚಿತ್ರವೇ ಬೇರೆ. ಇದನ್ನು ನಕ್ಷೆಯಲ್ಲಿ ಏನೆಂದು ಗುರುತಿಸಬೇಕು? ಇಲ್ಲಿನ ಕೃಷ್ಣಮೃಗ, ತೋಳ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಪಾಡು ಈ ಪ್ರಶ್ನೆಯ ಉತ್ತರದ ಜತೆ ತಳುಕು ಹಾಕಿಕೊಂಡಿದೆ.

ಟಿಪ್ಪುವಿನ ಪತನದ ಬೆನ್ನಿಗೇ ಬ್ರಿಟಿಷ್ ಸರ್ವೇಯರ್ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಅದು ಗಡಿ, ಊರು, ಕೆರೆ, ಕೋಟೆಗಳ ಲೆಕ್ಕ. ಹುಲ್ಲುಗಾವಲಿನ ನಿಜವಾದ ತಿಳಿವಳಿಕೆ ಇದ್ದದ್ದು ದನ ಸಾಕಣೆಯ ಅಮೃತಮಹಲ್ ಇಲಾಖೆಯಲ್ಲಿ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ದನಗಳನ್ನು ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಒಂದೇ ನೆಲವನ್ನು ಋತುವಿನಿಂದ ಋತುವಿಗೆ ನೋಡುವ ಈ ಕ್ರಮ ವಿಜ್ಞಾನದ ಕೈಗೆ ಮರಳಿ ಸಿಗಲು ಬಹಳ ಕಾಲ ಹಿಡಿಯಿತು.

1972ರಲ್ಲಿ ಅಮೆರಿಕ ಮೊದಲ ಲ್ಯಾಂಡ್‌ಸ್ಯಾಟ್ ಹಾರಿಸಿತು. ಅದರ ಚಿತ್ರದ ಒಂದು ಚುಕ್ಕೆಯೊಳಗೆ ಸುಮಾರು ಒಂದೂವರೆ ಎಕರೆ ಅಡಗುತ್ತಿತ್ತು. 1988ರಲ್ಲಿ ಭಾರತದ ಐಆರ್‌ಎಸ್-1ಎ ಕಕ್ಷೆ ಸೇರಿದಾಗ ಒಂದು ಚುಕ್ಕೆಯ ಬದಿ 36 ಮೀಟರಿಗೆ ಇಳಿಯಿತು. ಹಸಿರೆಲೆ ಕೆಂಪು ಬೆಳಕನ್ನು ಹೀರಿ ಅವಕೆಂಪನ್ನು ಹೊರಚೆಲ್ಲುತ್ತದೆ. ಈ ಎರಡರ ಅಂತರದಿಂದ ಸಸ್ಯಸಂಪತ್ತನ್ನು ಅಳೆಯುವ ವಿಧಾನ ಎಲ್ಲೆಡೆ ಬಳಕೆಗೆ ಬಂತು.

ಬಯಲುಸೀಮೆಗೆ ತೊಡಕಾದದ್ದೂ ಇಲ್ಲಿಯೇ. ಭಾರತೀಯ ಅರಣ್ಯ ಸಮೀಕ್ಷೆ 1987ರಿಂದ ಪ್ರಕಟಿಸುತ್ತಿರುವ ವರದಿಗಳು ಮರಗಳ ನೆತ್ತಿಯನ್ನು ಎಣಿಸುತ್ತವೆ. ಒಂದು ಹೆಕ್ಟೇರಿನಲ್ಲಿ ನೆತ್ತಿಯ ಹರವು ಶೇ 10ಕ್ಕಿಂತ ಕಡಿಮೆ ಇದ್ದರೆ ಅದು ಕಾಡಿನ ಲೆಕ್ಕಕ್ಕೆ ಬರುವುದಿಲ್ಲ. 2000ದಲ್ಲಿ ಹೊರಬಂದ ರಾಷ್ಟ್ರೀಯ ಪಾಳುಭೂಮಿ ಅಟ್ಲಾಸ್ ಕುರುಚಲು ನೆಲವನ್ನೂ ಬರಿ ಬಂಡೆಯನ್ನೂ ಪಾಳಿನ ಪಟ್ಟಿಗೆ ಸೇರಿಸಿತು. ಕಾವಲಿಗೆ ಬಳ್ಳಾರಿ ಜಾಲಿ ನುಗ್ಗಿದರೆ ಇಂಥ ಅಳತೆಯಲ್ಲಿ ಹಸಿರು ಏರುತ್ತದೆ, ಕೃಷ್ಣಮೃಗಕ್ಕೆ ಬೇಕಾದ ಬಯಲು ಮಾತ್ರ ಕುಗ್ಗುತ್ತದೆ. ಮೊಳಕಾಲ್ಮೂರಿನ ಗುಡ್ಡಗಳ ಬಂಡೆ ಸಂದುಗಳಲ್ಲಿ ಕರಡಿಗಳು ಬಾಳುತ್ತವೆ. ಅಟ್ಲಾಸಿನ ವಿಂಗಡಣೆಯಲ್ಲಿ ಆ ಬದುಕಿಗೆ ಜಾಗವೇ ಇರಲಿಲ್ಲ.

ಉಪಗ್ರಹ ಸುಳ್ಳು ಹೇಳಲಿಲ್ಲ. ವಿಂಗಡಿಸಿದವರು ಮರವನ್ನೇ ಅಳತೆಗೋಲು ಮಾಡಿಕೊಂಡರು, ಅಷ್ಟೆ. ಅದರ ಬೆಲೆ ದೊಡ್ಡದು. 2007ರಿಂದ 2010ರ ನಡುವೆ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಖುದಾಪುರ, ವರವು ಸುತ್ತಿನ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಕುರಿ ಸಾಕಿ, ಕಂಬಳಿ ನೇಯ್ದು ಬದುಕುವ ಊರುಗಳಿಗೆ ಮೇವಿನ ನೆಲ ಕೈತಪ್ಪಿತು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು.

ಅಷ್ಟರಲ್ಲಿ ತಂತ್ರಜ್ಞಾನವೂ ಹೊರಳಿತ್ತು. 2008ರಲ್ಲಿ ಲ್ಯಾಂಡ್‌ಸ್ಯಾಟ್‌ನ ಹಳೆಯ ಚಿತ್ರಗಳೆಲ್ಲ ಉಚಿತವಾದವು. 2010ರಲ್ಲಿ ಬಂದ ಗೂಗಲ್ ಅರ್ಥ್ ಎಂಜಿನ್, ದಶಕಗಳ ಚಿತ್ರಗಳನ್ನು ಒಟ್ಟಿಗೆ ಲೆಕ್ಕಹಾಕುವ ಶಕ್ತಿಯನ್ನು ಸಾಮಾನ್ಯ ಸಂಶೋಧಕರಿಗೂ ಕೊಟ್ಟಿತು. 2015ರಿಂದ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ವಿವರದ ಚಿತ್ರ ಕೊಡುತ್ತಿವೆ. ಪರಿಸರ ವಿಜ್ಞಾನಿಗಳಾದ ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಇಂಥ ಸೌಲಭ್ಯಗಳನ್ನು ಬಳಸಿ ಭಾರತದ ಅರೆಶುಷ್ಕ ಬಯಲುಗಳ ನಕ್ಷೆ ಸಿದ್ಧಪಡಿಸಿದರು. ಇಂಥ ಸಹಜ ಬಯಲು ದೇಶದ ನೆಲದ ಸುಮಾರು ಶೇ 10ರಷ್ಟಿದೆ, ಅದರಲ್ಲಿ ರಕ್ಷಿತ ಪ್ರದೇಶಗಳೊಳಗೆ ಇರುವುದು ಶೇ 5ಕ್ಕೂ ಕಡಿಮೆ ಎಂದು ಅವರ ಅಧ್ಯಯನ ತೋರಿಸಿತು. ಪಾಳೆಂದು ಬರೆದಿಟ್ಟ ನೆಲವನ್ನು ಜೀವಂತ ಪರಿಸರವೆಂದು ದೇಶದ ಅಳತೆಯಲ್ಲಿ ತೋರಿಸಿದ ಈ ಕೆಲಸ ಬಯಲುಸೀಮೆಗೆ ತುಂಬ ಮುಖ್ಯವಾದದ್ದು.

ನೆಲದ ಮೇಲಿನ ಸಾಕ್ಷಿ ಜತೆಗೂಡಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣದ ಶಿರಾ ತಾಲ್ಲೂಕೇ ನಿದರ್ಶನ. ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳಿಗೆ ಚಿಂಕಾರ ಸಿಕ್ಕಿತು. 2019ರಲ್ಲಿ ಆ ಕಾಡು ಚಿಂಕಾರ ವನ್ಯಧಾಮವಾಯಿತು.

ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಕೆಲಸ ಇನ್ನೂ ಬಾಕಿ ಇದೆ. ಬೀಳುಬಿಟ್ಟ ಶೇಂಗಾ ಹೊಲವೂ ಒಣಗಿದ ಕಾವಲೂ ಬೇಸಿಗೆಯ ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೇ ಬಣ್ಣ. ಬಿಡಿಸಿ ಗುರುತಿಸಲು ಜಿಪಿಎಸ್ ಹಿಡಿದು ನಡೆಯಲೇಬೇಕು. ಮ್ಯಾಸನಾಯಕ ಸಮುದಾಯದ ದೇವರ ಎತ್ತುಗಳನ್ನು ಮೇಯಿಸುವ ಕಿಲಾರಿಗಳು ಆ ನಡಿಗೆಯಲ್ಲಿ ಜತೆಗಿದ್ದರೆ, ಯಾವ ಮೂಲೆಯಲ್ಲಿ ಬೇಸಿಗೆಗೂ ಹುಲ್ಲು ನಿಲ್ಲುತ್ತದೆ, ತೋಳ ಯಾವ ಹಳ್ಳದಲ್ಲಿ ಮರಿ ಹಾಕುತ್ತದೆ ಎಂಬುದೂ ನಕ್ಷೆಗೆ ಸೇರುತ್ತದೆ.