ಲೆಕ್ಕ ಬರೆಯುವವನ ಆಸನ: ಚಾಪೆಯಿಂದ ತಿರುಗುವ ಕುರ್ಚಿಯವರೆಗೆ

ಮೈಸೂರು ಸೀಮೆಯ ಆಡಳಿತದ ಇತಿಹಾಸವನ್ನು ಬರೆದ ವಿದ್ವಾಂಸರು ಕಂದಾಯದ ದರ, ಕಾಯಿದೆ, ಅಧಿಕಾರಿಗಳ ಪರಂಪರೆ ಮೊದಲಾದುವನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ. ಲೆಕ್ಕ ಬರೆದವನು ಹೇಗೆ ಕುಳಿತು ಬರೆದನೆಂಬ ಪ್ರಶ್ನೆ ಮಾತ್ರ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ನಂಜನಗೂಡು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಿಳಿಗೆರೆಯಂಥ ಊರುಗಳ ಕಂದಾಯದ ಬರೆವಣಿಗೆಯನ್ನು ದೃಷ್ಟಿಯಲ್ಲಿರಿಸಿಕೊಂಡು ಈ ಪ್ರಶ್ನೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ವಿಚಾರಿಸುತ್ತೇವೆ.

ಹಿಂದಿನ ಶಾನುಭೋಗರ ಕಚೇರಿಯೆಂದರೆ ಬಹುಮಟ್ಟಿಗೆ ಅವರ ಮನೆಯೇ. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುವುದು ವಾಡಿಕೆಯಾಗಿತ್ತು. ಕಾಗದವು ಬಂದ ಮೇಲೂ ಚಾಪೆಯ ಮೇಲೆ ಕುಳಿತು ಬರೆಯುವ ಕ್ರಮ ಒಮ್ಮೆಗೇ ಅಳಿಯಲಿಲ್ಲ. ಈ ಕ್ರಮದಲ್ಲಿ ಬೆನ್ನು ಬಾಗುತ್ತಿದ್ದುದು ನಿಜ. ಆದರೆ ಚಕ್ಕಳಮಕ್ಕಳ ಹಾಕಿ, ಒಂದು ಮೊಣಕಾಲನ್ನೆತ್ತಿ, ಗೋಡೆಗೆ ಒರಗಿ ಭಂಗಿಯನ್ನು ಬದಲಿಸಿಕೊಳ್ಳುವ ಸ್ವಾತಂತ್ರ್ಯವೂ ಅದರಲ್ಲಿದ್ದಿತು.

1831ರಿಂದ 1881ರವರೆಗಿನ ಕಮಿಷನರುಗಳ ಆಡಳಿತದಲ್ಲಿ ಆಂಗ್ಲ ಪದ್ಧತಿಯ ಕಚೇರಿಯು ನಮ್ಮಲ್ಲಿ ಬೇರೂರಿತು. ಬೆಂಗಳೂರಿನಲ್ಲಿ 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯು ಅದರ ಕುರುಹು. ಮೇಜು ಕುರ್ಚಿಗಳು ಕ್ರಮೇಣ ಕೆಳಗಿನ ಕಚೇರಿಗಳಿಗೂ ಇಳಿದುವು. 'ಕುರ್ಚಿ' ಎಂಬ ಶಬ್ದದ ಮೂಲ ಅರಬ್ಬಿಯ 'ಕುರ್ಸಿ'. ಉತ್ತರ ಹಿಂದೂಸ್ಥಾನದಲ್ಲಿ ಆಂಗ್ಲ ಅಧಿಕಾರಿಯ ಎದುರು ಕುರ್ಚಿಯಲ್ಲಿ ಕೂರುವ ಹಕ್ಕು ಪಡೆದವನು 'ಕುರ್ಸಿನಶೀನ್' ಎನಿಸುತ್ತಿದ್ದನು. ಅದಕ್ಕೆ ಪ್ರಮಾಣಪತ್ರವೂ ಇದ್ದಿತು. ಕನ್ನಡದಲ್ಲಿಯೂ ಕುರ್ಚಿಯೆಂದರೆ ಅಧಿಕಾರವೆಂಬ ಅರ್ಥ ಇಂದಿಗೂ ರೂಢಿಯಲ್ಲಿದೆ. ಹೀಗೆ ಕುರ್ಚಿಯು ದೇಹದ ಆಸರೆಯಾಗುವುದರ ಜೊತೆಗೆ ಅಂತಸ್ತಿನ ಗುರುತೂ ಆಯಿತು.

ಇದೇ ಶತಮಾನದಲ್ಲಿ ಪಶ್ಚಿಮದಲ್ಲಿ ಕುರ್ಚಿಗೆ ಚಲನೆಯನ್ನು ಕೊಡುವ ಯತ್ನ ನಡೆದಿತ್ತು. ಅಮೆರಿಕದ ಥಾಮಸ್ ವಾರನ್ ರೂಪಿಸಿದ, ಸ್ಪ್ರಿಂಗಿನ ಮೇಲೆ ತಿರುಗುವ ಕುರ್ಚಿಯನ್ನು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಡಲಾಗಿತ್ತು. ಕೆಲಸವನ್ನು ಮನುಷ್ಯನ ದೇಹಕ್ಕೆ ಹೊಂದಿಸುವ ಶಾಸ್ತ್ರಕ್ಕೆ 1949ರಲ್ಲಿ ಇಂಗ್ಲೆಂಡಿನಲ್ಲಿ 'ಎರ್ಗನಾಮಿಕ್ಸ್' ಎಂಬ ಹೆಸರು ನೆಲೆಗೊಂಡಿತು. ಎತ್ತರವನ್ನು ಏರಿಳಿಸುವ, ಸೊಂಟಕ್ಕೆ ಆಸರೆ ನೀಡುವ, ಗಾಲಿಗಳ ಮೇಲೆ ಸರಿಯುವ ಇಂದಿನ ಕುರ್ಚಿ ಈ ಎರಡು ಧಾರೆಗಳ ಸಂಗಮ. ಚಾಪೆಯವನಿಗಿದ್ದ ಭಂಗಿಯ ಸ್ವಾತಂತ್ರ್ಯವನ್ನು ಅದು ಬೇರೊಂದು ರೀತಿಯಲ್ಲಿ ಹಿಂತಿರುಗಿಸಿತೆನ್ನಬಹುದು.

ನಮ್ಮ ಹಳ್ಳಿಗಳಲ್ಲಿ ಇದರ ಅಗತ್ಯ ತಡವಾಗಿ ತೋರಿತು. ವಂಶಪಾರಂಪರ್ಯದ ಶಾನುಭೋಗಿಕೆಯನ್ನು ರದ್ದುಪಡಿಸಿದ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದು, ಸಂಬಳದ ಗ್ರಾಮಲೆಕ್ಕಿಗರು ನೇಮಕವಾದರು. 2000ದ ಸುಮಾರಿಗೆ 'ಭೂಮಿ' ಯೋಜನೆಯು ಪಹಣಿಯನ್ನು ಗಣಕಯಂತ್ರಕ್ಕೆ ತಂದಿತು. ಕಡತವು ಬರೆಯುವವನ ತೊಡೆಗೆ ಬರುತ್ತಿತ್ತು. ಗಣಕಯಂತ್ರವಾದರೋ ತಾನಿದ್ದಲ್ಲಿಗೇ ಅವನನ್ನು ಬರಮಾಡಿಕೊಂಡು ದಿನವೆಲ್ಲ ಕೂರಿಸಿತು. ಆಸನವು ಎತ್ತರವಾದರೆ ಪಾದ ನೆಲಕ್ಕೆ ತಾಗದೆ ತೊಡೆಯ ಕೆಳಭಾಗ ಒತ್ತಲ್ಪಡುತ್ತದೆ. ತಗ್ಗಾದರೆ ಬೆನ್ನು ಬಾಗುತ್ತದೆ. ಭಾರತೀಯರ ದೇಹಪ್ರಮಾಣಗಳನ್ನು ಕುರಿತ ದೇಬಕುಮಾರ್ ಚಕ್ರವರ್ತಿಯವರ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1997ರಲ್ಲಿ ಪ್ರಕಟಿಸಿದೆ. ಆದುದರಿಂದ ಪರದೇಶದ ಅಳತೆಗಳನ್ನೇ ನೆಚ್ಚಬೇಕಾದ ಕಾರಣವಿಲ್ಲ.

ಮೇಲಿನ ವಿವೇಚನೆಯಿಂದ ಒಂದು ಅಂಶ ವಿದಿತವಾಗುತ್ತದೆ. ಬರೆಯುವ ಸಾಧನ ಬದಲಾದಾಗಲೆಲ್ಲ ಬರೆಯುವವನ ಆಸನವೂ ಬದಲಾಗಿದೆ; ಆದರೆ ಆಸನವನ್ನು ಅಂತಸ್ತಿಗೆ ತಕ್ಕಂತೆ ಹಂಚುವ ಬುದ್ಧಿ ಅಷ್ಟು ಬೇಗ ಬದಲಾಗಿಲ್ಲ. ಎತ್ತರದ ಬೆನ್ನಿನ ತಿರುಗುವ ಕುರ್ಚಿ ಮೇಲಧಿಕಾರಿಯ ಲಾಂಛನವೆಂಬ ಭಾವನೆ ಇನ್ನೂ ಉಳಿದಿದೆ. ಆ ಕುರ್ಚಿಯ ನಿಜವಾದ ಅಗತ್ಯವಾದರೋ ಹೆಚ್ಚು ಹೊತ್ತು ಕುಳಿತು ದುಡಿಯುವವನಿಗೆ. ನಾಡಕಚೇರಿಯಲ್ಲಿ ರೈತರ ಅರ್ಜಿಗಳನ್ನು ಗಣಕಯಂತ್ರಕ್ಕೆ ಏರಿಸುವ ನೌಕರನಿಗೆ ಅದು ದೊರೆತಂದು ಕುರ್ಚಿಯು ದರ್ಜೆಯ ಚಿಹ್ನೆಯಾಗುಳಿಯದೆ ಕೆಲಸದ ಉಪಕರಣವಾದೀತು.