ಹೆಸರಘಟ್ಟದ ಕೆರೆಯೂ ನಗರವಾಸಿಗಳ ವಿಹಾರವೂ

ಜಲಾಶಯವನ್ನು ನಮ್ಮ ಪೂರ್ವಿಕರು ಎರಡು ದೃಷ್ಟಿಗಳಿಂದ ನೋಡಿರುವರು. ಧರ್ಮಶಾಸ್ತ್ರಕಾರರಿಗೆ ತಟಾಕನಿರ್ಮಾಣವು ಪೂರ್ತಧರ್ಮ; ಸಪ್ತಸಂತಾನಗಳಲ್ಲಿ ಅದೂ ಒಂದು. ಆಲಂಕಾರಿಕರಿಗಾದರೋ ಅದು ವಿಹಾರಸ್ಥಾನ. ದಂಡಿಯು ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ಉದ್ಯಾನ, ಸಲಿಲಕ್ರೀಡೆಗಳು ಸೇರಿರುವುವು. ಮೊದಲನೆಯ ಪ್ರಯೋಜನಕ್ಕಾಗಿ ಹುಟ್ಟಿದ ಕೆರೆಯೊಂದು ಎರಡನೆಯದರಿಂದ ಪ್ರಸಿದ್ಧಿಗೆ ಬಂದುದಕ್ಕೆ ಬೆಂಗಳೂರಿನ ವಾಯವ್ಯದಲ್ಲಿರುವ ಹೆಸರಘಟ್ಟ ಗ್ರಾಮವು ತಕ್ಕ ನಿದರ್ಶನವಾಗಿದೆ.

ಕೆಂಪೇಗೌಡರ ಕಾಲದಿಂದ ಬೆಂಗಳೂರು ಪೇಟೆಯು ಧರ್ಮಾಂಬುಧಿ, ಕೆಂಪಾಂಬುಧಿ ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿಕೊಂಡಿದ್ದಿತು. 19ನೆಯ ಶತಮಾನದ ಅಂತ್ಯಭಾಗದಲ್ಲಿ ಜನಸಂಖ್ಯೆಯು ಬೆಳೆದಂತೆಲ್ಲ ಅವು ಸಾಲದೆ ಹೋದುವು. 1884ರಲ್ಲಿ ಪೇಟೆಯ ಪಶ್ಚಿಮಕ್ಕೆ ಉಣ್ಣೆ, ಹತ್ತಿ, ರೇಷ್ಮೆಗಳ ಗಿರಣಿಯು ಸ್ಥಾಪಿತವಾಯಿತು. ಅದನ್ನು ನಡೆಸಿದ ಬಿನ್ನಿ ಕಂಪೆನಿಯ ಹೆಸರೇ ಬಿನ್ನಿಪೇಟೆಗೆ ನಿಂತಿತು. 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ತರುವಾಯ ಬಸವನಗುಡಿ ಮಲ್ಲೇಶ್ವರಗಳೂ ವೃದ್ಧಿಹೊಂದಿದುವು.

ಇಂತಹ ಸಮಯದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರವರ ಆಡಳಿತವು ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನು ಆಶ್ರಯಿಸಿತು. 1894ರಲ್ಲಿ ಹೆಸರಘಟ್ಟದಲ್ಲಿ ಜಲಾಶಯವು ಸಿದ್ಧವಾಗಿ, 1896ರಲ್ಲಿ ನಗರಕ್ಕೆ ನೀರು ಬಂದಿತು. ನೀರು ಸೋಲದೇವನಹಳ್ಳಿಯವರೆಗೆ ಇಳಿಜಾರಿನಲ್ಲಿ ತಾನಾಗಿ ಹರಿದು, ಅಲ್ಲಿಂದ ಯಂತ್ರಬಲದಿಂದ ಮೇಲೆತ್ತಲ್ಪಟ್ಟು ಮಲ್ಲೇಶ್ವರದ ಕಡೆಗೆ ಸಾಗುತ್ತಿದ್ದಿತು. ಈ ಏರ್ಪಾಡಿಗೆ ಚಾಮರಾಜೇಂದ್ರ ಒಡೆಯರ ಹೆಸರಿಡಲ್ಪಟ್ಟಿತು. ಮನೆಬಾಗಿಲಿಗೆ ಕೊಳಾಯಿ ಬಂದ ಮೇಲೆ ಪೇಟೆಯ ಕೆರೆಗಳ ವಿಷಯದಲ್ಲಿ ಆದರವು ತಗ್ಗಿತು. ಧರ್ಮಾಂಬುಧಿಯ ಪಾತ್ರದಲ್ಲಿ ಈಗ ಕೆಂಪೇಗೌಡ ಬಸ್ಸು ನಿಲ್ದಾಣವಿದೆ.

ಹೆಸರಘಟ್ಟಕ್ಕೂ ಅದೇ ಗತಿಯು ಬೇರೊಂದು ರೀತಿಯಿಂದ ಪ್ರಾಪ್ತವಾಯಿತು. 1933ರಲ್ಲಿ ಅರ್ಕಾವತೀ ಕುಮುದ್ವತೀ ಸಂಗಮದ ತಿಪ್ಪಗೊಂಡನಹಳ್ಳಿಯ ಜಲಾಶಯವೂ, 1974ರಲ್ಲಿ ಕಾವೇರಿಯೂ ನಗರಕ್ಕೆ ಒದಗಿದುದರಿಂದ ಹಳೆಯ ಕೆರೆಯು ಅನಿವಾರ್ಯವಾಗಿ ಉಳಿಯಲಿಲ್ಲ. ಅನ್ನಪಾನಗಳಿಗೆ ಬೇಕಾದ ಕೆರೆಯು ಕಣ್ಣಿಗೆ ಬೇಕಾದ ಕೆರೆಯಾಯಿತು. ವಿಶಾಲವಾದ ಹುಲ್ಲುಗಾವಲು, ಹಕ್ಕಿಗಳ ಬಳಗ, ತಂಗಾಳಿ ಇವುಗಳಿಗಾಗಿ ನಗರವಾಸಿಗಳು ರಜಾದಿನಗಳಲ್ಲಿ ಇಲ್ಲಿಗೆ ಬರತೊಡಗಿದರು. 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯು ಇಲ್ಲಿ ಸ್ಥಾಪಿತವಾಯಿತು. 1990ರಲ್ಲಿ ಒಡಿಸ್ಸಿ ನರ್ತಕಿ ಪ್ರೊತಿಮಾ ಗೌರೀ ಬೇಡಿಯವರು ನೃತ್ಯಗ್ರಾಮವೆಂಬ ಗುರುಕುಲವನ್ನು ಸ್ಥಾಪಿಸಿದರು. ಅಲ್ಲಿ ಇರುಳೆಲ್ಲ ನಡೆಯುತ್ತಿದ್ದ ವಸಂತಹಬ್ಬಕ್ಕೆ ಸಹಸ್ರಾರು ರಸಿಕರು ನೆರೆಯುತ್ತಿದ್ದರು. ಅದರ ಸಮೀಪದಲ್ಲಿಯೇ ಕುಟೀರಂ ಎಂಬ ವಿಶ್ರಾಂತಿಧಾಮವೂ ತಲೆಯೆತ್ತಿತು.

ಆದರೆ ವಿಹಾರವು ಬೆಳೆದಂತೆ ನೀರು ಬೆಳೆಯಲಿಲ್ಲ. ಅರ್ಕಾವತಿಯ ಜಲಾನಯನ ಪ್ರದೇಶದಲ್ಲಿ ಕೊಳವೆಬಾವಿಗಳೂ ನೀಲಗಿರಿ ತೋಪುಗಳೂ ಹೆಚ್ಚಿ, ಹಳ್ಳಗಳ ದಾರಿ ಮುಚ್ಚಿ, ಕೆರೆಯು ಅನೇಕ ವರ್ಷ ಬತ್ತಿ ನಿಂತಿತು. ಹುಲ್ಲುಗಾವಲನ್ನಾದರೂ ಉಳಿಸಬೇಕೆಂದು ಪ್ರಾರ್ಥನೆಗಳು ನಡೆದು, ರಾಜ್ಯ ವನ್ಯಜೀವಿ ಮಂಡಲಿಯು ಅದನ್ನು ಸಂರಕ್ಷಣಾ ಮೀಸಲೆಂದು ಗುರುತಿಸಲು ಸಮ್ಮತಿಸಿತು.

ಇದರಿಂದ ಸಿದ್ಧಿಸುವ ಅಂಶವೇನೆಂದರೆ, ಸಲಿಲಕ್ರೀಡೆಯು ಪೂರ್ತಧರ್ಮದ ಫಲವೇ ಹೊರತು ಅದಕ್ಕೆ ಪ್ರತಿನಿಧಿಯಲ್ಲ. ಏರಿ, ತೂಬು, ಕಾಲುವೆಗಳನ್ನು ಕಾಯುವವರಿದ್ದಷ್ಟು ಕಾಲ ಮಾತ್ರ ದಡದಲ್ಲಿ ವಿಹರಿಸುವವರಿಗೆ ಅವಕಾಶವುಂಟು. ದಾನಕ್ಕಿಂತಲೂ ಪಾಲನವೇ ಶ್ರೇಯಸ್ಕರವೆಂದು ಶಾಸನಗಳ ಕೊನೆಯಲ್ಲಿ ಮರಳಿ ಮರಳಿ ಬರುವ ಅಭಿಪ್ರಾಯವು ಕೆರೆಗಳ ವಿಷಯದಲ್ಲಿ ವಿಶೇಷವಾಗಿ ಅನ್ವಯಿಸತಕ್ಕದ್ದಾಗಿದೆ.