ಹೈಕೋರ್ಟ್ ಬಂತು, ನಳ ಬರಲಿಲ್ಲ

ಹುಬ್ಬಳ್ಳಿಯ ಹಲವು ಓಣಿಗಳಲ್ಲಿ ಮನೆಯಲ್ಲೊಂದು ಸತ್ಯನಾರಾಯಣ ಪೂಜೆ ಇಟ್ಟುಕೊಳ್ಳಬೇಕಾದರೂ ಪಂಚಾಂಗದ ಜೊತೆಗೆ ಇನ್ನೊಂದು ಲೆಕ್ಕ ನೋಡಬೇಕಾಗುತ್ತದೆ: ಅವತ್ತಿನ ಆಸುಪಾಸಿನಲ್ಲಿ ನಳ ಬರುವ ಪಾಳಿ ಇದೆಯೋ ಇಲ್ಲವೋ. ಐದು ದಿನಕ್ಕೊಮ್ಮೆ ಬಂದರೆ ಸಮಾಧಾನ, ಬೇಸಿಗೆಯಲ್ಲಿ ಎಂಟು ದಿನವಾದರೂ ಯಾರೂ ಹೌಹಾರುವುದಿಲ್ಲ. ಬೆಳಗಿನ ವಾಕಿಂಗಿನಲ್ಲಿ ಎದುರಾದವರು ‘ನಿಮ್ಮ ಕಡೆ ನಳಾ ಬಂತೇನ್ರೀ?’ ಎಂದು ಕೇಳಿದ ಮೇಲೆಯೇ ಆರೋಗ್ಯದ ಮಾತು. ಇದೇ ಊರಿನ ರೈಲು ನಿಲ್ದಾಣದಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ. 1,507 ಮೀಟರ್ ಉದ್ದದ ಅದನ್ನು 2023ರ ಮಾರ್ಚ್‌ನಲ್ಲಿ ಪ್ರಧಾನಿಯೇ ಉದ್ಘಾಟಿಸಿದರು.

ಹುಬ್ಬಳ್ಳಿ ಮತ್ತು ಧಾರವಾಡಕ್ಕೆ ಅವಳಿ ನಗರ ಎಂಬ ಹೆಸರಿದ್ದರೂ ಇವು ಒಂದೇ ಸ್ವಭಾವದ ಊರುಗಳಲ್ಲ. ಹುಬ್ಬಳ್ಳಿ ಹಿಂದಿನಿಂದಲೂ ಪೇಟೆ. ಅರಳೆಯ ವ್ಯಾಪಾರಕ್ಕಾಗಿ ಇಂಗ್ಲಿಷರು ಇಲ್ಲಿ ಕೋಠಿ ಇಟ್ಟಿದ್ದರು. 1673ರಲ್ಲಿ ಶಿವಾಜಿಯ ದಂಡು ಅದನ್ನು ಲೂಟಿ ಮಾಡಿತು. ಹಳೇ ಹುಬ್ಬಳ್ಳಿಯ ಪಕ್ಕದಲ್ಲಿ ಸವಣೂರು ನವಾಬರ ಕಾಲಕ್ಕೆ ಹೊಸ ಹುಬ್ಬಳ್ಳಿ ಎದ್ದಿತು. ಇವತ್ತು ಸಂಜೆ ಗಿರಮಿಟ್ಟು, ಮಿರ್ಚಿ ಬಜಿಗೆ ಜನ ಮುಗಿಬೀಳುವ ದುರ್ಗದ ಬೈಲು ಅದರ ನಡುಮನೆ. 1880ರ ದಶಕದಲ್ಲಿ ರೈಲು ಬಂತು, ಬೆನ್ನಿಗೇ ವರ್ಕ್‌ಶಾಪ್ ಬಂತು, ಊರು ಕಾರ್ಮಿಕರಿಂದ ತುಂಬಿತು. ಧಾರವಾಡದ್ದು ಕಚೇರಿ ಮತ್ತು ಶಾಲೆಯ ಕಥೆ: ಕಲೆಕ್ಟರು, ಮಾಸ್ತರರು, 1890ರ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರ ಕರ್ನಾಟಕ ಕಾಲೇಜು, ಸ್ವಾತಂತ್ರ್ಯದ ನಂತರ ವಿಶ್ವವಿದ್ಯಾಲಯ. ಮಣ್ಣೂ ಬೇರೆ. ಧಾರವಾಡ ಅರೆಮಲೆನಾಡಿನ ಗುಡ್ಡದ ಮೇಲಿದ್ದರೆ, ಇಪ್ಪತ್ತು ಕಿಲೋಮೀಟರ್ ಇಳಿದರೆ ಹುಬ್ಬಳ್ಳಿಯಾಚೆ ಎರೆಭೂಮಿ ಶುರು.

1855ರಲ್ಲಿ ಹುಬ್ಬಳ್ಳಿಗೆ, 1856ರಲ್ಲಿ ಧಾರವಾಡಕ್ಕೆ ಮುನ್ಸಿಪಾಲಿಟಿ ಆದವು. ನೂರು ವರ್ಷ ತಮ್ಮ ತಮ್ಮ ಗಟಾರು, ದೀಪ ನೋಡಿಕೊಂಡಿದ್ದ ಇವೆರಡನ್ನು 1962ರಲ್ಲಿ ಕೂಡಿಸಿ ಒಂದೇ ಮಹಾನಗರ ಪಾಲಿಕೆ ಮಾಡಲಾಯಿತು. 1971ರಲ್ಲಿ ಎರಡೂ ಸೇರಿ 3 ಲಕ್ಷ 79 ಸಾವಿರವಿದ್ದ ಜನಸಂಖ್ಯೆ 2011ರ ಜನಗಣತಿಯಲ್ಲಿ 9 ಲಕ್ಷ 43 ಸಾವಿರಕ್ಕೆ ಮುಟ್ಟಿತು. ನಲವತ್ತು ವರ್ಷಕ್ಕೆ ಎರಡೂವರೆ ಪಟ್ಟು.

ಈ ಊರು ದೊಡ್ಡದನ್ನೆಲ್ಲ ಹೋರಾಡಿಯೇ ಪಡೆದಿದೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಗಾಗಿ ಬೀದಿಗಿಳಿಯಿತು, 2003ರಲ್ಲಿ ಅದು ಹುಬ್ಬಳ್ಳಿಗೆ ಬಂತು. ವಕೀಲರು ವರ್ಷಗಟ್ಟಲೆ ಪಟ್ಟು ಹಿಡಿದರು, 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಗಿ 2013ರಲ್ಲಿ ಕಾಯಂ ಆಯಿತು. 2016ರಲ್ಲಿ ಐಐಟಿಯೂ ಬಂತು. ಇಂಥದ್ದಕ್ಕೆ ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್ಲಿನಲ್ಲಿ ಕುಳಿತು ಘೋಷಣೆ ಕೂಗಬಹುದು, ಮನವಿಪತ್ರ ಕೊಡಬಹುದು, ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಮೂರನೇ ಕ್ರಾಸಿನ ಗಟಾರು ಕಟ್ಟಿಕೊಂಡಿದೆ ಎಂದು ಯಾರೂ ಬಂದ್ ಕರೆ ಕೊಡುವುದಿಲ್ಲ. ಹಾಗಾಗಿ ಹೈಕೋರ್ಟು ಬಂತು, ಗಟಾರು ಹಾಗೇ ಉಳಿಯಿತು.

ನೀರಿನ ವಿಷಯವನ್ನು ತುಸು ವಿವರವಾಗಿಯೇ ನೋಡಬೇಕು. ಒಂದು ಕಾಲಕ್ಕೆ ಹುಬ್ಬಳ್ಳಿ ಉಣಕಲ್ ಕೆರೆಯ ನೀರನ್ನೂ ಧಾರವಾಡ ಕೆಲಗೇರಿ ಕೆರೆಯ ನೀರನ್ನೂ ಕುಡಿಯುತ್ತಿದ್ದವು. ಅದು ಸಾಲದಾದಾಗ 1955ರಲ್ಲಿ ಬೇಡ್ತಿ ಹಳ್ಳಕ್ಕೆ ಅಡ್ಡಕಟ್ಟಿ ನೀರಸಾಗರ ಕಟ್ಟಿದರು. ಅದೂ ಸಾಲದೆ ಸವದತ್ತಿಯ ಮಲಪ್ರಭಾ ಜಲಾಶಯದಿಂದ ನೀರೆತ್ತಿ, ಅಮ್ಮಿನಭಾವಿಯಲ್ಲಿ ಶುದ್ಧೀಕರಿಸಿ, ಎರಡೂ ಊರಿಗೆ ಹರಿಸುವ ಯೋಜನೆ ಹಂತ ಹಂತವಾಗಿ ಬಂತು. 2016–17ರ ಬರಕ್ಕೆ ನೀರಸಾಗರ ಬತ್ತಿ ನೆಲ ಬಿರುಕು ಬಿಟ್ಟಿತು. ಅದು ಮತ್ತೆ ತುಂಬಿದ್ದು 2019ರ ಆಗಸ್ಟ್ ಮಳೆಗೆ. ಆ ನಡುವಿನ ವರ್ಷಗಳಲ್ಲಿ ಹಳೇ ಹುಬ್ಬಳ್ಳಿ ಕಡೆಯವರು ಟ್ಯಾಂಕರಿನ ಹಾರ್ನ್ ಕೇಳಿಯೇ ಯಾವ ಟ್ಯಾಂಕರ್ ಎಂದು ಹೇಳುತ್ತಿದ್ದರು.

ಪಾಳಿಯ ದಿನ ಮನೆಯೊಳಗೆ ನಡೆಯುವುದು ಇಷ್ಟು. ಪ್ರೆಶರ್ ಕಡಿಮೆಯಿರುವುದರಿಂದ ಹಳೆಯ ಓಣಿಗಳಲ್ಲಿ ಬಾಗಿಲ ಮುಂದೆ ಒಂದು ತಗ್ಗು ತೋಡಿ ನಳವನ್ನು ನೆಲಕ್ಕಿಂತ ಕೆಳಗೆ ಇಳಿಸಿಕೊಂಡಿರುತ್ತಾರೆ. ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ಕೆಮ್ಮಣ್ಣಿನ ನೀರು. ಅದನ್ನು ಹರಿಯಬಿಟ್ಟು, ತಿಳಿಯಾದ ಮೇಲೆ ಕುಡಿಯುವ ನೀರಿನ ಕೊಡಗಳಿಗೆ ಅರಿವೆ ಕಟ್ಟಿ ಸೋಸಿ ಹಿಡಿಯಬೇಕು. ನಂತರ ಬ್ಯಾರಲ್, ನಂತರ ನೆಲದೊಳಗಿನ ಸಂಪು. ಪಕ್ಕದ ಮನೆಯವರು ಲೈನಿಗೆ ನೇರ ಮೋಟರ್ ಹಚ್ಚಿದರೆ ಇವರ ನಳ ಸಣ್ಣಗಾಗುತ್ತದೆ, ಜಗಳ ದೊಡ್ಡದಾಗುತ್ತದೆ. ನೀರು ಬರುವುದು ನಸುಕಿನ ಮೂರಕ್ಕಾದರೂ ಸೈ, ಮಧ್ಯಾಹ್ನದ ಎರಡಕ್ಕಾದರೂ ಸೈ, ಒಬ್ಬರು ಮನೆಯಲ್ಲಿ ಕಾಯಬೇಕು. ಆ ಒಬ್ಬರು ಬಹುಪಾಲು ಹೆಂಗಸರೇ. ಕೂಲಿಗೆ ಹೋಗುವವರಾದರೆ ಅವತ್ತಿನ ಪಗಾರ ಹೋಯಿತು. ಪಾಲಿಕೆಯ ನೀರಿನ ಬಿಲ್ಲಿನಲ್ಲಿ ಈ ಲೆಕ್ಕ ಕಾಣುವುದಿಲ್ಲ.

ಈ ಕಾಯುವ ಕಷ್ಟವನ್ನೇ ಹಿಡಿದು 2010ರ ನಂತರ ನೆಕ್ಸ್ಟ್‌ಡ್ರಾಪ್ ಎಂಬ ಪುಟ್ಟ ಕಂಪನಿ ಹುಬ್ಬಳ್ಳಿಯಲ್ಲಿ ಹುಟ್ಟಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಚನೆ ಅದು. ವಾಲ್‌ಮನ್ ವಾಲ್ವ್ ತಿರುವುವ ಹೊತ್ತಿಗೆ ಫೋನ್ ಮಾಡಿ ತಿಳಿಸಬೇಕು, ಆ ಭಾಗದ ಮನೆಗಳಿಗೆಲ್ಲ ನೀರು ಬರುವುದಕ್ಕೆ ಮುಂಚೆಯೇ ಎಸ್ಸೆಮ್ಮೆಸ್ ಹೋಗಬೇಕು. ಆಮೇಲೆ ಕಂಪನಿ ಬೆಂಗಳೂರಿಗೆ ನಡೆಯಿತು, ವಾಲ್‌ಮನ್ ಇಲ್ಲೇ ಉಳಿದ. ಅವಳಿ ನಗರದಲ್ಲಿ ಕಾರ್ಪೊರೇಟರಿಗಿಂತ ಹೆಚ್ಚು ಫೋನ್ ಕರೆ ಸ್ವೀಕರಿಸುವ ಮನುಷ್ಯ ಅವನೇ ಇರಬೇಕು.

ದಿನವಿಡೀ ನೀರು ಕೊಡಲಿಕ್ಕೆ ಆಗುವುದಿಲ್ಲವೆಂದೇನೂ ಅಲ್ಲ. ವಿಶ್ವಬ್ಯಾಂಕಿನ ನೆರವಿನಲ್ಲಿ 2008ರ ಹೊತ್ತಿಗೆ ಇಲ್ಲಿಯ ಎಂಟು ವಾರ್ಡುಗಳಲ್ಲಿ 24 ಗಂಟೆಯೂ ನೀರು ಹರಿಯಲು ಶುರುವಾಯಿತು. ಒಂದು ಕಡೆ ನಿರಂತರ ನೀರು, ಇನ್ನೊಂದು ಕಡೆ ವಾರಕ್ಕೊಮ್ಮೆ ನೀರು: ಒಂದೇ ಊರಿನಲ್ಲಿ ಎರಡೂ ಸಿಕ್ಕಿದ್ದರಿಂದ ಬರ್ಕ್ಲಿಯ ಸಂಶೋಧಕರು ಬಂದು ಮನೆ ಮನೆ ಅಧ್ಯಯನ ಮಾಡಿದರು. 2015ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ನಿರಂತರ ನೀರಿನ ವಾರ್ಡುಗಳಲ್ಲಿ ಟೈಫಾಯಿಡ್ ಕಡಿಮೆಯಿತ್ತು. ಆದರೆ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಂಟು ವಾರ್ಡಿನ ಪ್ರಯೋಗ ವರ್ಷಗಳಲ್ಲ, ದಶಕ ಕಳೆದರೂ ಊರಿಗೆಲ್ಲ ಹಬ್ಬಿ ಮುಗಿದಿಲ್ಲ. ಇವತ್ತೂ ಹೊಸ ಕೊಳವೆ ಹಾಕಲು ರಸ್ತೆ ಅಗೆಯುತ್ತಲೇ ಇದ್ದಾರೆ.

ಅಗೆಯುವುದೆಂದರೆ ಇಲ್ಲಿ ಒಮ್ಮೆಗೆ ಮುಗಿಯುವ ಕೆಲಸವಲ್ಲ. ನೀರಿನವರು ಮುಚ್ಚಿದ ಮೇಲೆ ಒಳಚರಂಡಿಯವರು, ಅವರಾದ ಮೇಲೆ ಗ್ಯಾಸಿನವರು, ಕೇಬಲ್ಲಿನವರು. ಹುಬ್ಬಳ್ಳಿಯ ನೆಲ ಎರೆ ಮಣ್ಣಿನದು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅಗೆದ ಮಣ್ಣನ್ನೇ ತುಂಬಿ ಮೇಲೊಂದಿಷ್ಟು ಖಡಿ ಚೆಲ್ಲಿ ಹೋದರೆ ಒಂದೇ ಮಳೆಗಾಲಕ್ಕೆ ಆ ಜಾಗ ಇಳಿದು ಉದ್ದಕ್ಕೆ ತಗ್ಗು ಬೀಳುತ್ತದೆ. ಮಳೆ ನಿಂತರೆ ಅದೇ ಮಣ್ಣು ಧೂಳಾಗಿ ಎದ್ದು ಅಂಗಡಿಯ ಅರಿವೆ, ಮಿರ್ಚಿ ಬಜಿ, ಸ್ಕೂಟರಿನ ಸೀಟು ಎಲ್ಲದರ ಮೇಲೂ ಕೂರುತ್ತದೆ. ಮುಖಕ್ಕೆ ಅರಿವೆ ಕಟ್ಟಿಕೊಂಡು ಗಾಡಿ ಓಡಿಸುವುದನ್ನು ಈ ಊರು ಕೊರೊನಾಕ್ಕಿಂತ ಮುಂಚೆಯೇ ಕಲಿತಿತ್ತು.

ಎರಡೂ ಊರುಗಳ ನಡುವೆ ದಿನಾ ಓಡಾಡುವವರಿಗಾಗಿ ಸುಮಾರು 22 ಕಿಲೋಮೀಟರಿನ ಬಿಆರ್‌ಟಿಎಸ್ ಬಂತು. 2018ರಲ್ಲಿ ‘ಚಿಗರಿ’ ಹೆಸರಿನ ಬಸ್ಸುಗಳು ಓಡಲು ಶುರುವಾದವು, 2020ರ ಫೆಬ್ರುವರಿಯಲ್ಲಿ ಉಪರಾಷ್ಟ್ರಪತಿಗಳಿಂದ ಉದ್ಘಾಟನೆಯಾಯಿತು. ಹವಾನಿಯಂತ್ರಿತ ಬಸ್ಸು, ರಸ್ತೆ ನಡುವೆ ಅದಕ್ಕೇ ಮೀಸಲಾದ ದಾರಿ. ಟಂಟಂಗಳಲ್ಲಿ ಮೊಣಕಾಲು ಮಡಚಿ ಕೂತು ಅಭ್ಯಾಸವಾದವರಿಗೆ ಇದು ನಿಜವಾಗಿಯೂ ಸುಖ. ಅದನ್ನು ಒಪ್ಪಿಕೊಳ್ಳದಿದ್ದರೆ ತಪ್ಪಾಗುತ್ತದೆ. ತೊಂದರೆ ಇರುವುದು ಬಸ್ಸು ಹತ್ತುವುದಕ್ಕೆ ಮುಂಚೆ ಮತ್ತು ಇಳಿದ ಮೇಲೆ. ನಿಲ್ದಾಣ ರಸ್ತೆಯ ನಟ್ಟನಡುವೆ, ಮನೆಯೋ ಒಳ ಬಡಾವಣೆಯಲ್ಲಿ. ಅಲ್ಲಿಂದ ಆಟೊ ಹಿಡಿದರೆ ಮೀಟರ್ ಹಾಕುವ ಪದ್ಧತಿಯಿಲ್ಲ. ಹತ್ತುವ ಮೊದಲೇ ರೇಟು ಮಾತಾಡಬೇಕು. ರಸ್ತೆ ಅಗಲ ಮಾಡುವಾಗ ಹಳೆಯ ಸಾಲುಮರಗಳು ಹೋದವು. ಧಾರವಾಡದ ಟೋಲ್ ನಾಕಾದ ಬಳಿಯಂತೂ ದೊಡ್ಡ ಮಳೆ ಬಿದ್ದಾಗಲೆಲ್ಲ ರಸ್ತೆಯೇ ಹೊಂಡವಾಗಿ, ಗಾಡಿಗಳು ಅರ್ಧ ಮುಳುಗಿ ನಿಂತ ಚಿತ್ರ ವರ್ಷ ವರ್ಷ ಪತ್ರಿಕೆಗಳಲ್ಲಿ ಬಂತು.

ಊರ ಹೊರಗಿನ ಬೈಪಾಸ್ ಇನ್ನೂ ಕೆಟ್ಟ ಹೆಸರು ಪಡೆದಿದೆ. ಹೆದ್ದಾರಿ ಎರಡೂ ಕಡೆ ಅಗಲವಾಗಿ ಬಂದು ಇಲ್ಲಿ ಮಾತ್ರ ಎರಡು ಲೇನಿಗೆ ಕುಗ್ಗುತ್ತಿತ್ತು. 2021ರ ಸಂಕ್ರಾಂತಿಯ ಮರುದಿನ ಇಟಿಗಟ್ಟಿ ಬಳಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ವಾಹನ ಟಿಪ್ಪರಿಗೆ ಡಿಕ್ಕಿಯಾಗಿ 10ಕ್ಕೂ ಹೆಚ್ಚು ಜನ ಸತ್ತರು. ಆಮೇಲೆಯೇ ಆರು ಲೇನಿನ ಕೆಲಸಕ್ಕೆ ಚುರುಕು ಬಂದದ್ದು. ಊರೊಳಗೆ ಚನ್ನಮ್ಮ ಸರ್ಕಲ್ಲಿನ ಮೇಲ್ಸೇತುವೆ ಕಟ್ಟುವಾಗ, 2024ರ ಸೆಪ್ಟೆಂಬರಿನಲ್ಲಿ, ಮೇಲಿಂದ ಕಬ್ಬಿಣದ ಸರಳು ಬಿದ್ದು ಬೈಕಿನಲ್ಲಿ ಹೋಗುತ್ತಿದ್ದ ಎಎಸ್‌ಐ ಒಬ್ಬರು ಜೀವ ಕಳೆದುಕೊಂಡರು.

ಧಾರವಾಡದ ಸಪ್ತಾಪುರ ಬೇರೆಯೇ ರೀತಿಯಲ್ಲಿ ಬೆಳೆಯಿತು. ಪ್ರೊಫೆಸರುಗಳ ಹೆಂಚಿನ ಮನೆ, ಮಾವಿನ ಗಿಡಗಳಿದ್ದ ಕಡೆ ಈಗ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಬರೆದ ಫ್ಲೆಕ್ಸುಗಳೇ ಗೋಡೆ. ಬೀದರ್, ರಾಯಚೂರು, ವಿಜಯಪುರದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಒಂದು ಕೋಣೆಯಲ್ಲಿ ಮೂರು ನಾಲ್ಕು ಮಂಚದಂತೆ ಇರುತ್ತಾರೆ, ಖಾನಾವಳಿಯಲ್ಲಿ ಉಣ್ಣುತ್ತಾರೆ, ತಿಂಗಳ ಬಾಡಿಗೆಗೆ ಕುರ್ಚಿ ಸಿಗುವ ರೀಡಿಂಗ್ ರೂಮುಗಳಲ್ಲಿ ರಾತ್ರಿಯವರೆಗೆ ಓದುತ್ತಾರೆ. ನೇಮಕಾತಿ ಅಧಿಸೂಚನೆ ಮುಂದೆ ಹೋದಷ್ಟೂ ಬಾಡಿಗೆಯ ತಿಂಗಳುಗಳೂ ಹೆಚ್ಚುತ್ತವೆ. ಒಂದು ಸಂಸಾರಕ್ಕೆಂದು ಹಾಕಿದ್ದ ಅರ್ಧ ಇಂಚಿನ ನಳದ ಮೇಲೆ ಈಗ ಇಪ್ಪತ್ತು ಜನರ ಸ್ನಾನ. ಮನೆಮಾಲೀಕರಿಗೆ ಆದಾಯ, ಟ್ಯಾಂಕರಿನವರಿಗೆ ಧಂದೆ, ಹಳೆಯ ನಿವಾಸಿಗಳಿಗೆ ಗೊಣಗಾಟ.

ಅಂಚಿನಲ್ಲಿ ಊರು ಬೆಳೆದದ್ದು ಗುಂಟಾ ಪ್ಲಾಟುಗಳಲ್ಲಿ. ಹೊಲ ಎನ್‌ಎ (ಕೃಷಿಯೇತರ) ಆಗಿರುವುದಿಲ್ಲ, ನಕ್ಷೆಗೆ ಮಂಜೂರಿ ಇರುವುದಿಲ್ಲ; ಗುಂಟೆ ಲೆಕ್ಕದಲ್ಲಿ ಬಾಂಡ್ ಪೇಪರಿನ ಮೇಲೆ ಬರೆದುಕೊಂಡು ಜನ ಮನೆ ಕಟ್ಟಿಕೊಂಡರು. ಬೇರೆಡೆ ಕೊಳ್ಳುವಷ್ಟು ದುಡ್ಡಿರಲಿಲ್ಲ, ಅಷ್ಟೇ. ಬಡಾವಣೆ ಅಕ್ರಮ ಎಂದು ರಸ್ತೆ, ಗಟಾರು ಬರುವುದಿಲ್ಲ, ಚುನಾವಣೆ ಬಂದಾಗ ಮಾತ್ರ ಸಕ್ರಮದ ಮಾತು ಬರುತ್ತದೆ. ನಿಗಾ ಇಲ್ಲದ ಕಟ್ಟಡ ಎಂಥ ಅನಾಹುತಕ್ಕೆ ದಾರಿಯಾದೀತು ಎಂಬುದನ್ನು ಧಾರವಾಡದ ಕುಮಾರೇಶ್ವರ ನಗರ ನೋಡಿದೆ: 2019ರ ಮಾರ್ಚ್ 19ರಂದು ಅಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು.

ಅದೇ ತಿಂಗಳು ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯೂ ಮುಗಿದಿತ್ತು. ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ವಾರ್ಡುಗಳು 67ರಿಂದ 82ಕ್ಕೆ ಏರಿದವು, ಆದರೆ ನಡುವಿನ ಎರಡೂವರೆ ವರ್ಷ ಬೀದಿದೀಪ ಕೆಟ್ಟರೆ ಬಾಗಿಲು ಬಡಿಯಲು ಕಾರ್ಪೊರೇಟರೇ ಇರಲಿಲ್ಲ. ಧಾರವಾಡದವರಿಗೆ ಮೊದಲಿನಿಂದಲೂ ಇನ್ನೊಂದು ಅಸಮಾಧಾನ: ಪಾಲಿಕೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ, ದುಡ್ಡೂ ಅಲ್ಲಿಯೇ ಖರ್ಚಾಗುತ್ತದೆ, ನಾವು ಹೆಸರಿಗಷ್ಟೇ ಜೋಡಿ ಎಂಬುದು. ಆ ಬೇಡಿಕೆಗೆ 2025ರ ಜನವರಿಯಲ್ಲಿ ಫಲ ಸಿಕ್ಕಿತು. ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು.

ಒಪ್ಪಿದ ಮೇಲೆ ಪಾಲು ಪಂಚಾಯಿತಿ. ಮಲಪ್ರಭೆಯ ಕೊಳವೆ ಎರಡೂ ಊರಿಗೆ ಒಂದೇ. ಬಿಆರ್‌ಟಿಎಸ್ ದಾರಿಯೂ ಒಂದೇ. ಸಿಬ್ಬಂದಿ, ಗಾಡಿ, ಬಾಕಿ ಬಿಲ್ಲು, ಪಿಂಚಣಿ ಇವನ್ನೆಲ್ಲ ಎಳೆ ಎಳೆಯಾಗಿ ಬಿಡಿಸಬೇಕು. ಅರವತ್ತು ವರ್ಷದ ಲೆಕ್ಕದ ಪುಸ್ತಕ ತೆಗೆದರೆ ಯಾರು ಯಾರಿಗೆ ಕೊಡಬೇಕು ಎಂಬ ವಾದಕ್ಕೆ ಕೊನೆಯಿಲ್ಲ. ಕಸದ ವಿಷಯದಲ್ಲಿ ಮಾತ್ರ ಹಂಚಿಕೆ ಆಗಲೇ ಆಗಿಹೋಗಿದೆ. ಹೊಸಯಲ್ಲಾಪುರದ ಗುಡ್ಡೆ ಧಾರವಾಡದ್ದು, ಕಾರವಾರ ರಸ್ತೆಯ ಗುಡ್ಡೆ ಹುಬ್ಬಳ್ಳಿಯದು. ಬೇಸಿಗೆಯಲ್ಲಿ ಬೆಂಕಿ ಹತ್ತಿ ಹೊಗೆಯಾಡುವ ಈ ಎರಡು ಆಸ್ತಿಗಳ ಮೇಲೆ ಪಕ್ಕದ ಊರಿನವರು ತಕರಾರು ತೆಗೆಯಲಿಕ್ಕಿಲ್ಲ.